ಖಾತೆ ಖಾಲಿಯಾದಾಗಲೇ ಬ್ಯಾಂಕ್ ಶುಲ್ಕ ಬೀಳುವುದೇಕೆ?

ಬ್ಯಾಂಕ್ ಖಾತೆಯಲ್ಲಿ ಹಣ ಇಲ್ಲದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಇಲ್ಲದ ಹಣವನ್ನು ಯಾರು ತಾನೇ ತೆಗೆದುಕೊಳ್ಳಲು ಸಾಧ್ಯ ಎಂದು ನಮ್ಮಲ್ಲಿ ಹೆಚ್ಚಿನವರು ಅಂದುಕೊಂಡಿರುತ್ತೇವೆ. ಆದರೆ ಪಾಸ್‌ಬುಕ್ ಬೇರೆಯೇ ಕತೆ ಹೇಳುತ್ತದೆ. ಸಂಬಳ ಬಂದ ದಿನವೇ 295 ರೂಪಾಯಿ ಮಾಯವಾಗಿರುತ್ತದೆ. ಪಿಂಚಣಿ ಬಂದ ಕೂಡಲೇ ನೂರಿನ್ನೂರು ಕಡಿತವಾಗಿರುತ್ತದೆ. ಕೇಳಿದರೆ "ಮಿನಿಮಮ್ ಬ್ಯಾಲೆನ್ಸ್ ಇರಲಿಲ್ಲ", "ನಿಮ್ಮ ಇಸಿಎಸ್ ಬೌನ್ಸ್ ಆಗಿದೆ" ಎಂಬ ಉತ್ತರ ಸಿಗುತ್ತದೆ. ಹಣವಿದ್ದಾಗ ಬೀಳದ ಶುಲ್ಕ, ಹಣವಿಲ್ಲದಾಗ ಬೀಳುತ್ತದೆ. ಗಾಯದ ಮೇಲೆ ಬರೆ ಎಳೆದಂತೆ.

ಇಂಥ ಶುಲ್ಕ ಬಿದ್ದಾಗ ಅನೇಕರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. 'ನನಗೆ ಹಣ ನಿಭಾಯಿಸಲು ಬರುವುದಿಲ್ಲ' ಎಂದು ಬೇಸರಪಟ್ಟು ಸುಮ್ಮನಾಗುತ್ತಾರೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆ ಇರುವುದು ಖರ್ಚಿನಲ್ಲಲ್ಲ, ತಾರೀಖಿನಲ್ಲಿ. ಹಣ ಬರುವ ದಿನಕ್ಕೂ ಹೋಗುವ ದಿನಕ್ಕೂ ನಡುವಿನ ಅಂತರದಲ್ಲಿ ಈ ಶುಲ್ಕಗಳು ಹುಟ್ಟುತ್ತವೆ. ಹಾಗಾಗಿ ಇವನ್ನು ತಡೆಯುವ ದಾರಿಯೂ ಅಲ್ಲೇ ಇದೆ. ಅದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಈ ಶುಲ್ಕಗಳು ಯಾವುವು?

ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ಪಾವತಿಯಾಗಬೇಕಾಗಿ ಬಂದರೆ ಬ್ಯಾಂಕು ಎಷ್ಟೋ ಸಲ ತಾನೇ ಆ ಹಣ ಕೊಟ್ಟು, ಆಮೇಲೆ ಗ್ರಾಹಕರಿಂದ ಶುಲ್ಕ ಸಮೇತ ವಸೂಲಿ ಮಾಡುತ್ತದೆ. ಇದೇ ಓವರ್‌ಡ್ರಾಫ್ಟ್ ಶುಲ್ಕ. ನಮ್ಮ ದೇಶದ ಸಾಮಾನ್ಯ ಉಳಿತಾಯ ಖಾತೆಗಳಲ್ಲಿ ಹೀಗೆ ಆಗುವುದಿಲ್ಲ. ಇಲ್ಲಿ ಹಣ ಸಾಲದಿದ್ದರೆ ಪಾವತಿಯೇ ವಾಪಸಾಗುತ್ತದೆ. ಆದರೆ ಶುಲ್ಕ ಮಾತ್ರ ತಪ್ಪುವುದಿಲ್ಲ. ಅದು ಮುಖ್ಯವಾಗಿ ಮೂರು ರೂಪಗಳಲ್ಲಿ ಬರುತ್ತದೆ.

ಮೊದಲನೆಯದು, ಕನಿಷ್ಠ ಸರಾಸರಿ ಬ್ಯಾಲೆನ್ಸ್ ಇಲ್ಲದ್ದಕ್ಕೆ ಹಾಕುವ ದಂಡ. ಬ್ಯಾಂಕು ಮತ್ತು ಖಾತೆಯ ಬಗೆಗೆ ತಕ್ಕಂತೆ ಇದು ಬದಲಾಗುತ್ತದೆ.

ಎರಡನೆಯದು, ಸ್ವಯಂಚಾಲಿತ ಪಾವತಿ ವಾಪಸಾದಾಗ ಬೀಳುವ ಶುಲ್ಕ. ಸಾಲದ ಕಂತು, ವಿಮೆಯ ಪ್ರೀಮಿಯಂ, ಚೀಟಿಯ ಹಣ ಮುಂತಾದವು ನ್ಯಾಚ್ ಎಂಬ ವ್ಯವಸ್ಥೆಯ ಮೂಲಕ ಗೊತ್ತಾದ ದಿನ ತಾನಾಗಿಯೇ ಕಡಿತವಾಗುತ್ತವೆ. ಜನ ಇದನ್ನು ಹಳೆಯ ಹೆಸರಿನಿಂದ ಈಗಲೂ ಇಸಿಎಸ್ ಎನ್ನುತ್ತಾರೆ. ಆ ದಿನ ಹಣ ಸಾಲದಿದ್ದರೆ ನಿಮ್ಮ ಬ್ಯಾಂಕು ಒಂದು ಶುಲ್ಕ ಹಾಕುತ್ತದೆ. ಸಾಲ ಕೊಟ್ಟ ಸಂಸ್ಥೆ ತನ್ನ ಬೌನ್ಸ್ ಶುಲ್ಕವನ್ನು ಬೇರೆಯಾಗಿ ಹಾಕುತ್ತದೆ.

ಮೂರನೆಯದು, ಎಟಿಎಂಗೆ ಸಂಬಂಧಿಸಿದ್ದು. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ಕೇಳಿ ಯಂತ್ರ ನಿರಾಕರಿಸಿದರೆ ಹಲವು ಬ್ಯಾಂಕುಗಳು ಅದಕ್ಕೂ ಶುಲ್ಕ ಹಾಕುತ್ತವೆ. ಉಚಿತ ಮಿತಿ ದಾಟಿದ ಮೇಲೆ ಪ್ರತಿ ಬಾರಿ ಹಣ ತೆಗೆದಾಗಲೂ ಶುಲ್ಕವಿದೆ. 2025ರ ಮೇ 1ರಿಂದ ಇದರ ಗರಿಷ್ಠ ಮಿತಿ 23 ರೂಪಾಯಿ ಮತ್ತು ತೆರಿಗೆ. ಕೈಯಲ್ಲಿ ಹಣ ಕಡಿಮೆ ಇರುವವರು ಒಮ್ಮೆಗೇ ಐದು ಸಾವಿರ ತೆಗೆಯುವುದಿಲ್ಲ. ಐನೂರು, ಇನ್ನೂರು ಎಂದು ಹಲವು ಬಾರಿ ತೆಗೆಯುತ್ತಾರೆ. ಹೀಗಾಗಿ ಉಚಿತ ಮಿತಿ ಬೇಗ ಮುಗಿಯುವುದೂ ಅವರದ್ದೇ.

ಇನ್ನೂರು ರೂಪಾಯಿ ಕೊರತೆಗೆ ಸಾವಿರದ ದಂಡ

ಒಂದು ಉದಾಹರಣೆಯ ಲೆಕ್ಕ ನೋಡೋಣ. ಬೆಂಗಳೂರಿನ ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ತಿಂಗಳ 7ರಂದು ಸಂಬಳ ಬರುತ್ತದೆ ಎಂದುಕೊಳ್ಳಿ. ಅವರ ಸಾಲದ ಕಂತು 2,800 ರೂಪಾಯಿ. ಅದು ಕಡಿತವಾಗುವುದು 5ರಂದು. ಈ ತಿಂಗಳು ಮಗುವಿಗೆ ಜ್ವರ ಬಂದು ಔಷಧಿಗೆ ಹೆಚ್ಚು ಖರ್ಚಾಯಿತು. 5ನೇ ತಾರೀಖು ಖಾತೆಯಲ್ಲಿ ಉಳಿದದ್ದು 2,600 ರೂಪಾಯಿ. ಕೊರತೆ ಇನ್ನೂರು ಮಾತ್ರ.

ಕಂತು ವಾಪಸಾಯಿತು. ಬ್ಯಾಂಕು 250 ರೂಪಾಯಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿಸಿ 295 ರೂಪಾಯಿ ಕಡಿತ ಮಾಡಿತು. ಸಾಲ ಕೊಟ್ಟ ಸಂಸ್ಥೆ ಬೌನ್ಸ್ ಶುಲ್ಕವೆಂದು 500 ರೂಪಾಯಿಯನ್ನು ಸಾಲದ ಲೆಕ್ಕಕ್ಕೆ ಸೇರಿಸಿತು. ಈಗ ಖಾತೆಯಲ್ಲಿ ಇರುವುದು 2,305. ಮರುದಿನ, 6ರಂದು, ಅದೇ ಸಂಸ್ಥೆ ಕಂತನ್ನು ಮತ್ತೊಮ್ಮೆ ಕಳುಹಿಸಿತು. ನಿನ್ನೆ ಇನ್ನೂರು ಇದ್ದ ಕೊರತೆ ಇಂದು 495 ಆಗಿದೆ. ಕೊರತೆಯನ್ನು ಹೆಚ್ಚಿಸಿದ್ದು ಅವರ ಖರ್ಚಲ್ಲ, ನಿನ್ನೆಯ ಶುಲ್ಕ. ಮತ್ತೆ ವಾಪಸ್, ಮತ್ತೆ 295. ಒಟ್ಟು 1,090 ರೂಪಾಯಿ. 7ರಂದು ಸಂಬಳ ಬಂದಾಗ ಇದೆಲ್ಲ ಕಳೆದು ಉಳಿದದ್ದರಲ್ಲಿ ಮುಂದಿನ ತಿಂಗಳು ಸಾಗಬೇಕು. ಅಂದರೆ ಮುಂದಿನ 5ನೇ ತಾರೀಖಿಗೂ ಕೊರತೆ ಬೀಳುವ ಸಾಧ್ಯತೆ ಈಗಲೇ ಹುಟ್ಟಿಕೊಂಡಿತು.

ಇದನ್ನು ಹೀಗೆ ಹೋಲಿಸಬಹುದು. ಇನ್ನೂರು ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಗೆ ಕೈಸಾಲ ತಂದಿದ್ದರೂ ಬಡ್ಡಿ 20 ರೂಪಾಯಿ ಆಗುತ್ತಿತ್ತು. ನಾವು ದುಬಾರಿ ಎಂದು ಬೈಯುವ ಬಡ್ಡಿಗಿಂತಲೂ ಈ ಎರಡು ದಿನಗಳ ಕೊರತೆ ಐವತ್ತು ಪಟ್ಟು ಹೆಚ್ಚು ದುಬಾರಿಯಾಯಿತು. ಕೈಸಾಲವೇ ಒಳ್ಳೆಯದು ಎಂದು ಇದರ ಅರ್ಥವಲ್ಲ. ಕೊರತೆ ಎಷ್ಟೇ ಇರಲಿ ಶುಲ್ಕ ಅಷ್ಟೇ ಇರುವಾಗ, ಸಣ್ಣ ಕೊರತೆ ಇರುವವರಿಗೇ ಪೆಟ್ಟು ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಮಾತನ್ನು ಇಂಥ ಸಂದರ್ಭದಲ್ಲಿ ಧಾರಾಳವಾಗಿ ಹೇಳುತ್ತೇವೆ. ಇಲ್ಲಿ ಹಾಸಿಗೆ ಚಿಕ್ಕದಿರಲಿಲ್ಲ. ಎರಡು ದಿನ ತಡವಾಗಿ ಬಂತು, ಅಷ್ಟೇ.

ಕೆಲವು ತಪ್ಪು ತಿಳಿವಳಿಕೆಗಳು

'ಭಾನುವಾರ, ಹಬ್ಬದ ದಿನ ಕಂತು ಕಡಿತವಾಗುವುದಿಲ್ಲ.' ಹಿಂದೆ ಹಾಗಿತ್ತು. 2021ರ ಆಗಸ್ಟ್ 1ರಿಂದ ನ್ಯಾಚ್ ವ್ಯವಸ್ಥೆ ವಾರದ ಏಳೂ ದಿನ ಕೆಲಸ ಮಾಡುತ್ತದೆ. ಬ್ಯಾಂಕಿಗೆ ರಜೆ ಇದ್ದರೂ ಕಂತು ಕಡಿತವಾಗುತ್ತದೆ. 'ಸೋಮವಾರ ಹೋಗಿ ಹಣ ಕಟ್ಟಿದರಾಯಿತು' ಎಂಬ ಹಳೆಯ ಲೆಕ್ಕ ಈಗ ನಡೆಯದು.

'ಪ್ರತಿದಿನವೂ ಕನಿಷ್ಠ ಮೊತ್ತ ಖಾತೆಯಲ್ಲಿ ಇರಲೇಬೇಕು.' ಹೆಚ್ಚಿನ ಬ್ಯಾಂಕುಗಳು ನೋಡುವುದು ತಿಂಗಳ ಸರಾಸರಿಯನ್ನು. ಪ್ರತಿದಿನದ ಕೊನೆಯಲ್ಲಿ ಖಾತೆಯಲ್ಲಿ ಇದ್ದ ಹಣವನ್ನೆಲ್ಲ ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. 14,000 ರೂಪಾಯಿ ಸಂಬಳ ನಾಲ್ಕು ದಿನ ಖಾತೆಯಲ್ಲಿ ಇದ್ದು, ಉಳಿದ 26 ದಿನ ಬರೀ 200 ರೂಪಾಯಿ ಇದ್ದರೂ ಸರಾಸರಿ 2,040 ಆಗುತ್ತದೆ. ಬ್ಯಾಂಕು ಕೇಳುವುದು 2,000 ಆಗಿದ್ದರೆ ದಂಡ ಬೀಳುವುದಿಲ್ಲ. ಬದಲಿಗೆ, ತಿಂಗಳ ಕೊನೆಯ ದಿನ ಗಾಬರಿಯಿಂದ 2,000 ತಂದು ಕಟ್ಟಿದರೆ ಸರಾಸರಿಗೆ ಸೇರುವುದು ಸುಮಾರು 66 ರೂಪಾಯಿ ಮಾತ್ರ. ತಿಂಗಳ ಆರಂಭದಲ್ಲಿ ನಾಲ್ಕು ದಿನ ಹಣ ಬಿಡುವುದು, ಕೊನೆಯಲ್ಲಿ ಸಾಲ ಮಾಡಿ ತುಂಬುವುದಕ್ಕಿಂತ ಲೇಸು.

'ಸಂಬಳದ ಖಾತೆಗೆ ಯಾವತ್ತೂ ಮಿನಿಮಮ್ ಬ್ಯಾಲೆನ್ಸ್ ಬೇಡ.' ಸಂಬಳ ಬರುತ್ತಿರುವವರೆಗೆ ಮಾತ್ರ. ಕೆಲಸ ಬಿಟ್ಟು ಕೆಲವು ತಿಂಗಳು ಸಂಬಳ ಜಮೆಯಾಗದಿದ್ದರೆ ಬ್ಯಾಂಕುಗಳು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸುತ್ತವೆ. ಕೆಲಸ ಕಳೆದುಕೊಂಡವರಿಗೆ ಅನಿರೀಕ್ಷಿತ ದಂಡ ಬೀಳುವುದು ಹೆಚ್ಚಾಗಿ ಹೀಗೆ.

'ಶುಲ್ಕ ಕಡಿತವಾಗುತ್ತಾ ಖಾತೆ ಮೈನಸ್‌ಗೆ ಹೋಗುತ್ತದೆ, ಆ ಹಣ ನಾವು ಕಟ್ಟಲೇಬೇಕು.' ಮಿನಿಮಮ್ ಬ್ಯಾಲೆನ್ಸ್ ದಂಡದ ಕಾರಣದಿಂದಲೇ ಉಳಿತಾಯ ಖಾತೆಯ ಮೊತ್ತ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ.

'ಮಿನಿಮಮ್ ಬ್ಯಾಲೆನ್ಸ್ ದಂಡ ಬಿದ್ದರೆ ಸಿಬಿಲ್ ಸ್ಕೋರ್ ಹಾಳಾಗುತ್ತದೆ.' ಉಳಿತಾಯ ಖಾತೆ ಸಾಲವಲ್ಲ, ಹಾಗಾಗಿ ಆ ದಂಡಕ್ಕೂ ಸ್ಕೋರ್‌ಗೂ ಸಂಬಂಧವಿಲ್ಲ. ಆದರೆ ಸಾಲದ ಕಂತು ತಡವಾದರೆ ಅದು ಸ್ಕೋರ್ ಮೇಲೆ ಪರಿಣಾಮ ಬೀರುತ್ತದೆ. ಎರಡನ್ನೂ ಒಂದೇ ಎಂದುಕೊಳ್ಳಬಾರದು.

'ಕಂತು ಬೌನ್ಸ್ ಆದರೆ ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಾರೆ.' ವಸೂಲಿಗೆ ಬರುವವರು ಹೀಗೆ ಹೆದರಿಸುವುದುಂಟು. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಪ್ರಕಾರ ಹಣವಿಲ್ಲದೆ ವಿದ್ಯುನ್ಮಾನ ಪಾವತಿ ವಾಪಸಾಗುವುದು ಚೆಕ್ ಬೌನ್ಸ್‌ನಂತೆಯೇ ಅಪರಾಧ ಆಗಬಹುದು ಎಂಬುದು ನಿಜ. ಆದರೆ ಅದಕ್ಕೆ ಮೊದಲು ಲಿಖಿತ ನೋಟಿಸ್ ಬರಬೇಕು. ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟಲು 15 ದಿನ ಇರುತ್ತದೆ. ಒಂದು ಕಂತು ತಪ್ಪಿದ ಮಾತ್ರಕ್ಕೆ ಯಾರೂ ಬಂಧಿಸುವುದಿಲ್ಲ. ಅಂಥ ನೋಟಿಸ್ ಬಂದರೆ ಮಾತ್ರ ಅದನ್ನು ಮೂಲೆಗೆ ಎಸೆಯಬಾರದು.

ನಿಯಮ ಏನು ಹೇಳುತ್ತದೆ?

ಮಿನಿಮಮ್ ಬ್ಯಾಲೆನ್ಸ್ ದಂಡದ ಬಗ್ಗೆ ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ಮುಖ್ಯ ಅಂಶಗಳನ್ನು ಪ್ರತಿಯೊಬ್ಬ ಖಾತೆದಾರರೂ ತಿಳಿದಿರಬೇಕು.

ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಆಮೇಲೂ ಸರಿಯಾಗದಿದ್ದರೆ ಮಾತ್ರ ದಂಡ. ದಂಡ ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕು. ನೂರು ರೂಪಾಯಿ ಕೊರತೆ ಇರುವವರಿಗೂ ಎರಡು ಸಾವಿರ ಕೊರತೆ ಇರುವವರಿಗೂ ಒಂದೇ ದಂಡ ಹಾಕುವಂತಿಲ್ಲ. ಸೇವೆ ಒದಗಿಸಲು ಆಗುವ ಸರಾಸರಿ ವೆಚ್ಚಕ್ಕೆ ಹೊಂದಿಕೆಯಾಗದಷ್ಟು ದಂಡವನ್ನೂ ವಿಧಿಸಬಾರದು.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ ಎಂಬ ನಿರ್ದೇಶನ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಲದ ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದು ಎಂದು 2023ರ ಆಗಸ್ಟ್‌ನ ಸುತ್ತೋಲೆ ಹೇಳುತ್ತದೆ.

ಬ್ಯಾಂಕುಗಳ ವಾದವೂ ಇದೆ. ಪ್ರತಿ ಖಾತೆಯನ್ನು ನಿರ್ವಹಿಸಲು ಖರ್ಚಿದೆ, ಹಣವೇ ಇಲ್ಲದ ಖಾತೆಯಿಂದ ಆ ಖರ್ಚು ಹುಟ್ಟುವುದಿಲ್ಲ ಎನ್ನುತ್ತವೆ. ಕನಿಷ್ಠ ಮೊತ್ತ ಎಷ್ಟಿರಬೇಕು ಎಂಬುದನ್ನು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೇ ಬಿಟ್ಟಿದೆ. ಆದರೆ ಈ ಖರ್ಚು ಯಾರಿಂದ ವಸೂಲಾಗುತ್ತಿದೆ ಎಂಬುದೇ ಪ್ರಶ್ನೆ.

ಒಟ್ಟು ಎಷ್ಟು, ಯಾರಿಂದ?

ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ 2017ರ ಏಪ್ರಿಲ್‌ನಲ್ಲಿ ಈ ದಂಡವನ್ನು ಮತ್ತೆ ಜಾರಿಗೆ ತಂದಿತು. ಆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸಂಗ್ರಹವಾದದ್ದು 1,771 ಕೋಟಿ ರೂಪಾಯಿ. ಅದೇ ವರ್ಷದ ಜುಲೈ–ಸೆಪ್ಟೆಂಬರ್ ಅವಧಿಯ ಬ್ಯಾಂಕಿನ ನಿವ್ವಳ ಲಾಭಕ್ಕಿಂತ ಇದು ಹೆಚ್ಚು. ಟೀಕೆ ಬಂದ ಮೇಲೆ ದಂಡ ಇಳಿಯಿತು, 2020ರ ಮಾರ್ಚ್‌ನಲ್ಲಿ ಪೂರ್ತಿ ರದ್ದಾಯಿತು. ಸರ್ಕಾರ ಲೋಕಸಭೆಗೆ ಕೊಟ್ಟ ಮಾಹಿತಿಯಂತೆ, 2019–20ರಿಂದ 2023–24ರವರೆಗಿನ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಈ ದಂಡದಿಂದ ಸಂಗ್ರಹಿಸಿದ್ದು ಸುಮಾರು 8,500 ಕೋಟಿ ರೂಪಾಯಿ.

ಈಚೆಗೆ ಗಾಳಿ ಬದಲಾಗಿದೆ. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟಿತು. ಮುಂದಿನ ತಿಂಗಳೇ ಪಂಜಾಬ್ ನ್ಯಾಷನಲ್ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾ, ಇಂಡಿಯನ್ ಬ್ಯಾಂಕ್ ಕೂಡ ಇದೇ ಹಾದಿ ಹಿಡಿದವು. ಖಾಸಗಿ ಬ್ಯಾಂಕುಗಳಲ್ಲಿ ಮಾತ್ರ ಈ ದಂಡ ಹೆಚ್ಚಾಗಿ ಉಳಿದಿದೆ. ಆದರೆ ಗಮನಿಸಿ: ರದ್ದಾಗಿರುವುದು ಮಿನಿಮಮ್ ಬ್ಯಾಲೆನ್ಸ್ ದಂಡ. ಕಂತು ವಾಪಸಾದಾಗಿನ ಶುಲ್ಕ ಹಾಗೆಯೇ ಇದೆ.

ಇಂಥ ಶುಲ್ಕದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದಕ್ಕೆ ಬ್ರಿಟನ್‌ನ ಅನುಭವ ಸಾಕ್ಷಿ. ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರ ಪರಿಶೀಲಿಸಿದಾಗ, 2016ರಲ್ಲಿ ಮುಂಚಿತ ಒಪ್ಪಂದವಿಲ್ಲದ ಓವರ್‌ಡ್ರಾಫ್ಟ್ ಶುಲ್ಕದ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಕೇವಲ ಶೇ. 1.5ರಷ್ಟು ಗ್ರಾಹಕರಿಂದ ಎಂದು ಕಂಡುಬಂತು. ಅಂದರೆ ಅದೇ ಕೆಲವು ಮಂದಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರು. 2020ರ ಏಪ್ರಿಲ್‌ನಿಂದ ಅಲ್ಲಿ ಓವರ್‌ಡ್ರಾಫ್ಟ್‌ಗೆ ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂಬ ಶುಲ್ಕಗಳನ್ನು ನಿಷೇಧಿಸಿ, ಬಡ್ಡಿಯನ್ನು ಮಾತ್ರ ಹಾಕಬಹುದು ಎಂದು ನಿಯಮ ಮಾಡಲಾಯಿತು.

ಕೈ ಬಿಗಿಯಾದಾಗ ಲೆಕ್ಕ ತಪ್ಪುವುದೇಕೆ?

'ತಾರೀಖು ನೆನಪಿಟ್ಟುಕೊಂಡರೆ ಸಾಕಲ್ಲ' ಎನ್ನುವುದು ಸುಲಭ. ಹಣದ ಚಿಂತೆ ನಮ್ಮ ಗಮನವನ್ನೇ ಕಸಿಯುತ್ತದೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಮತ್ತು ಕಟಾವಿನ ನಂತರ ಪರೀಕ್ಷಿಸಲಾಯಿತು. ಕಬ್ಬಿನ ಹಣ ವರ್ಷಕ್ಕೊಮ್ಮೆ ಬರುತ್ತದೆ. ಕಟಾವಿಗೆ ಮೊದಲು ಕೈ ಖಾಲಿ, ನಂತರ ಸ್ವಲ್ಪ ಸರಾಗ. ಮಂಡ್ಯದ ರೈತರಿಗೂ ಇದು ಗೊತ್ತಿರುವ ವಿಷಯವೇ. ಅದೇ ರೈತರು ಹಣ ಬರುವ ಮುನ್ನ ತರ್ಕದ ಪರೀಕ್ಷೆಗಳಲ್ಲಿ ಹೆಚ್ಚು ತಪ್ಪಿದರು, ಹಣ ಬಂದ ಮೇಲೆ ಸುಧಾರಿಸಿದರು. ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮುಂತಾದ ಸಂಶೋಧಕರು ಕೊಟ್ಟ ವಿವರಣೆ ಇದು: ಕೊರತೆಯ ಚಿಂತೆ ಮನಸ್ಸಿನ ಒಂದು ಭಾಗವನ್ನು ಸದಾ ಆಕ್ರಮಿಸಿಕೊಂಡಿರುತ್ತದೆ, ಉಳಿದ ವಿಷಯಗಳಿಗೆ ಗಮನ ಕಡಿಮೆಯಾಗುತ್ತದೆ. ಈ ಕ್ಷೇತ್ರದ ಹಲವು ಪ್ರಯೋಗಗಳನ್ನು ಮರುಪರೀಕ್ಷೆ ಮಾಡಿದಾಗ ಎಲ್ಲದರಲ್ಲೂ ಅದೇ ಫಲಿತಾಂಶ ಬರಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ಪರಿಣಾಮ ಎಷ್ಟು ದೊಡ್ಡದು ಎಂಬ ಚರ್ಚೆ ಮುಗಿದಿಲ್ಲ.

ಒಡಿಶಾದಲ್ಲಿ ಎಲೆಯಿಂದ ಊಟದ ತಟ್ಟೆ ಮಾಡುವ ಕೆಲಸಗಾರರ ನಡುವೆ ನಡೆದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅಲ್ಲಿ ಒಟ್ಟು ಕೂಲಿಯನ್ನು ಹೆಚ್ಚಿಸಲಿಲ್ಲ. ಕೆಲವರಿಗೆ ಕೂಲಿಯ ದೊಡ್ಡ ಭಾಗವನ್ನು ಸ್ವಲ್ಪ ಮೊದಲೇ ಕೊಟ್ಟರು, ಅಷ್ಟೇ. ಅವರು ಕೂಡಲೇ ಸಾಲ ತೀರಿಸಿದರು, ಮನೆಗೆ ಬೇಕಾದ್ದನ್ನು ಕೊಂಡರು. ಮುಂದಿನ ದಿನಗಳಲ್ಲಿ ಅವರ ಉತ್ಪಾದನೆ ಸುಮಾರು ಶೇ. 7ರಷ್ಟು ಹೆಚ್ಚಿತು, ಕೆಲಸದಲ್ಲಿ ತಪ್ಪುಗಳೂ ಕಡಿಮೆಯಾದವು. ಜನ ಅವರೇ, ಹಣ ಅಷ್ಟೇ, ಬದಲಾದದ್ದು ತಾರೀಖು.

ಇದರಿಂದ ಒಂದು ಪಾಠ ಸಿಗುತ್ತದೆ. ಕೈ ಬಿಗಿಯಾದ ದಿನಗಳಲ್ಲಿ ನೆನಪಿನ ಮೇಲೆ ಭಾರ ಹಾಕುವ ಉಪಾಯಗಳು ಸೋಲುತ್ತವೆ. ಒಮ್ಮೆ ಮಾಡಿ ಮರೆತುಬಿಡಬಹುದಾದ ವ್ಯವಸ್ಥೆಗಳು ಗೆಲ್ಲುತ್ತವೆ.

ಹಾಗಾದರೆ ಏನು ಮಾಡಬಹುದು?

ಮೊದಲು ಶುಲ್ಕದ ಹೆಸರು ತಿಳಿಯಿರಿ. ಪಾಸ್‌ಬುಕ್ ಮುದ್ರಿಸಿಕೊಂಡು ಅಥವಾ ಮೂರು ತಿಂಗಳ ಸ್ಟೇಟ್‌ಮೆಂಟ್ ಪಡೆದು, ಕಡಿತವಾದ ಪ್ರತಿ ಮೊತ್ತ ಯಾವುದಕ್ಕೆ ಎಂದು ಕೇಳಿ. ಮಿನಿಮಮ್ ಬ್ಯಾಲೆನ್ಸ್ ದಂಡವೇ, ನ್ಯಾಚ್ ರಿಟರ್ನ್ ಶುಲ್ಕವೇ, ಎಟಿಎಂ ಶುಲ್ಕವೇ, ಕಾರ್ಡಿನ ವಾರ್ಷಿಕ ಶುಲ್ಕವೇ? ಪ್ರತಿಯೊಂದಕ್ಕೂ ಪರಿಹಾರ ಬೇರೆ. ಮೇ ತಿಂಗಳ ಕೊನೆಯಲ್ಲಿ 436 ಅಥವಾ 20 ರೂಪಾಯಿ ಹೋಗಿದ್ದರೆ ಅದು ಶುಲ್ಕವಲ್ಲ. ನೀವು ಒಪ್ಪಿಗೆ ಕೊಟ್ಟಿರುವ ಜೀವನ್ ಜ್ಯೋತಿ ಅಥವಾ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು ಇರಬಹುದು.

ಕಂತಿನ ತಾರೀಖು ಬದಲಿಸಿ. ಇದೇ ಎಲ್ಲಕ್ಕಿಂತ ಮುಖ್ಯ. ಸಂಬಳ 7ರಂದು ಬಂದರೆ ಕಂತು 10ಕ್ಕೆ ಬರುವಂತೆ ಮಾಡಿಕೊಡಿ ಎಂದು ಸಾಲ ಕೊಟ್ಟ ಸಂಸ್ಥೆಗೆ ಲಿಖಿತವಾಗಿ ಕೇಳಿ. ಅದಕ್ಕೆ ಹೊಸ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗಬಹುದು. ಸಂಬಳ ಒಂದೆರಡು ದಿನ ತಡವಾದರೂ ತೊಂದರೆಯಾಗದಂತೆ ನಡುವೆ ಎರಡು ಮೂರು ದಿನ ಬಿಡಿ.

ಕೊರತೆ ಬೀಳುವುದು ಮೊದಲೇ ಗೊತ್ತಾದರೆ ಮೊದಲೇ ಮಾತಾಡಿ. ಕಂತಿನ ಬೇಡಿಕೆ ನಿಮ್ಮ ಬ್ಯಾಂಕಿಗೆ ಕೆಲವು ದಿನ ಮುಂಚೆಯೇ ಹೊರಟಿರಬಹುದು. ಹಾಗಾಗಿ ಹಿಂದಿನ ದಿನ ಯುಪಿಐ ಮೂಲಕ ಕಟ್ಟಿದರೂ ಮರುದಿನ ಮತ್ತೆ ಕಡಿತಕ್ಕೆ ಬರುವುದುಂಟು. ನಾಲ್ಕೈದು ದಿನ ಮೊದಲು ಕರೆ ಮಾಡಿ, 'ಈ ತಿಂಗಳು ನಾನೇ ಕಟ್ಟುತ್ತೇನೆ, ಖಾತೆಗೆ ಬೇಡಿಕೆ ಕಳುಹಿಸಬೇಡಿ' ಎಂದು ಹೇಳಿ, ಅವರ ಉತ್ತರವನ್ನು ಸಂದೇಶದ ರೂಪದಲ್ಲಿ ಪಡೆದುಕೊಳ್ಳಿ. ಒಮ್ಮೆ ಬೌನ್ಸ್ ಆಗಿಬಿಟ್ಟಿದ್ದರೆ, ಇನ್ನೊಮ್ಮೆ ಯಾವಾಗ ಕಳುಹಿಸುತ್ತೀರಿ ಎಂದು ಅಂದೇ ಕೇಳಿ. ಎರಡನೇ ಶುಲ್ಕವನ್ನು ತಡೆಯಲು ಅದೇ ಸಮಯ.

ಮೂಲ ಉಳಿತಾಯ ಖಾತೆ ಕೇಳಿ. ಮಿನಿಮಮ್ ಬ್ಯಾಲೆನ್ಸ್ ಬೇಡದ ಖಾತೆಯನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2012ರಿಂದಲೇ ಹೇಳುತ್ತಿದೆ. ಜನ್ ಧನ್ ಖಾತೆಯೂ ಇದೇ ಬಗೆಯದು. ಇದರಲ್ಲಿ ಎಟಿಎಂ ಕಾರ್ಡ್ ಉಚಿತ, ತಿಂಗಳಿಗೆ ಕನಿಷ್ಠ ನಾಲ್ಕು ಬಾರಿ ಹಣ ತೆಗೆಯುವುದು ಉಚಿತ. ನಿಮ್ಮ ಈಗಿನ ಖಾತೆಯನ್ನೇ ಹೀಗೆ ಬದಲಿಸಿ ಎಂದು ಅರ್ಜಿ ಕೊಡಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಈ ಖಾತೆ ಮಿನಿಮಮ್ ಬ್ಯಾಲೆನ್ಸ್ ದಂಡದಿಂದ ರಕ್ಷಿಸುತ್ತದೆಯೇ ಹೊರತು ಕಂತಿನ ಬೌನ್ಸ್ ಶುಲ್ಕದಿಂದ ರಕ್ಷಿಸುವುದಿಲ್ಲ ಎಂಬುದು ನೆನಪಿರಲಿ.

ಸರ್ಕಾರದ ಹಣ ಸರಿಯಾದ ಖಾತೆಗೆ ಬರುವಂತೆ ನೋಡಿಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿಯಂಥ ಆಧಾರ್ ಆಧಾರಿತ ನೆರವು, ನಿಮ್ಮ ಆಧಾರ್ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಅದು ನೀವು ಮರೆತಿರುವ, ದಂಡ ಬಾಕಿ ಇರುವ ಹಳೆಯ ಖಾತೆ ಆಗಿರಬಹುದು. ಹಣ ಜಮೆಯಾದೊಡನೆ ಬಾಕಿ ಶುಲ್ಕ ಕಡಿತವಾಗಬಹುದು. ನಿಮಗೆ ಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ 'ನೆರವಿನ ಹಣ ಈ ಖಾತೆಗೆ ಬರುವಂತೆ ಆಧಾರ್ ಜೋಡಿಸಿ' ಎಂದು ಅರ್ಜಿ ಕೊಟ್ಟರೆ ಬದಲಾಗುತ್ತದೆ. ಬಳಸದ ಖಾತೆಗಳನ್ನು ಮುಚ್ಚಿಬಿಡುವುದು ಒಳ್ಳೆಯದು.

ಹಣ ವಾಪಸ್ ಕೇಳಲು ಸಂಕೋಚ ಬೇಡ. ಬಿದ್ದ ಶುಲ್ಕ ಹಿಂತಿರುಗದು ಎಂದು ಅನೇಕರು ಕೇಳುವುದೇ ಇಲ್ಲ. ಶಾಖೆಯಲ್ಲಿ ಮೂರು ಪ್ರಶ್ನೆ ಕೇಳಿ: ನನಗೆ ಎಚ್ಚರಿಕೆಯ ಸಂದೇಶ ಯಾವ ದಿನ ಕಳುಹಿಸಿದ್ದೀರಿ? ಒಂದು ತಿಂಗಳ ಕಾಲಾವಕಾಶ ಕೊಟ್ಟಿರಾ? ನನ್ನ ಕೊರತೆಗೆ ತಕ್ಕಂತೆ ದಂಡ ಹೇಗೆ ಲೆಕ್ಕ ಹಾಕಿದ್ದೀರಿ? ಇವಕ್ಕೆ ಉತ್ತರವಿಲ್ಲದಿದ್ದರೆ ನಿಮ್ಮ ದೂರಿಗೆ ಬಲವಿದೆ. ನಿಯಮ ಮೀರದಿದ್ದರೂ, ಮೊದಲ ಬಾರಿ ಹೀಗಾಗಿದೆ ಎಂದು ಮನವಿ ಮಾಡಿದರೆ ಶುಲ್ಕ ಮನ್ನಾ ಮಾಡುವ ಅವಕಾಶ ಬ್ಯಾಂಕಿಗೆ ಇದೆ. ಅರ್ಜಿಯನ್ನು ಕನ್ನಡದಲ್ಲೇ ಬರೆದು, ಸೀಲು ಹಾಕಿದ ಪ್ರತಿಯನ್ನು ಇಟ್ಟುಕೊಳ್ಳಿ.

30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. 14448 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಆದರೆ 'ನಿಮ್ಮ ಬ್ಯಾಂಕ್ ಶುಲ್ಕ ವಾಪಸ್ ಕೊಡಿಸುತ್ತೇವೆ, ಒಟಿಪಿ ಹೇಳಿ' ಎಂದು ಯಾರಾದರೂ ತಾವಾಗಿಯೇ ಕರೆ ಮಾಡಿದರೆ ಅದು ವಂಚನೆ. ಕರೆ ಕತ್ತರಿಸಿ.

ಕೊನೆಯದಾಗಿ, ಕೊರತೆ ತುಂಬಲು ಸಿಕ್ಕಸಿಕ್ಕ ಸಾಲದ ಆ್ಯಪ್‌ಗಳಿಗೆ ಹೋಗಬೇಡಿ. ಜನ್ ಧನ್ ಖಾತೆಯನ್ನು ಆರು ತಿಂಗಳು ಸರಿಯಾಗಿ ನಡೆಸಿದವರಿಗೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಸೌಲಭ್ಯವಿದೆ. 2,000 ರೂಪಾಯಿವರೆಗಿನದಕ್ಕೆ ಷರತ್ತುಗಳಿಲ್ಲ. ಇದು ಸರ್ಕಾರ ಕೊಡುವ ಉಚಿತ ಹಣ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ, ಬಡ್ಡಿ ಸಮೇತ ತೀರಿಸಬೇಕಾದ ಸಾಲವೇ. ಆದರೆ ಇನ್ನೂರು ರೂಪಾಯಿ ಕೊರತೆಗೆ ಸಾವಿರ ದಂಡ ತೆರುವುದಕ್ಕಿಂತ, ಎರಡು ದಿನಕ್ಕೆ ಇದರ ಬಡ್ಡಿ ಬಹಳ ಕಡಿಮೆ.

ಈ ಪಟ್ಟಿಯಲ್ಲಿ ಒಂದೇ ಒಂದನ್ನು ಮಾಡಲು ಸಾಧ್ಯವಾದರೆ, ಕಂತಿನ ತಾರೀಖು ಬದಲಿಸಿ. ಆದಾಯ ಹೆಚ್ಚಿಸುವುದು ನಮ್ಮ ಕೈಯಲ್ಲಿ ಯಾವಾಗಲೂ ಇರುವುದಿಲ್ಲ, ಖರ್ಚು ಇಳಿಸಲೂ ಒಂದು ಮಿತಿ ಇದೆ. ತಾರೀಖು ಬದಲಿಸಲು ಬೇಕಾಗುವುದು ಒಂದು ಅರ್ಜಿ, ಒಂದು ಸಹಿ. ಮನೆಯಲ್ಲಿ ಯಾರಿಗಾದರೂ ಹೀಗೆ ಶುಲ್ಕ ಬಿದ್ದರೆ, ಬೈಯುವ ಮೊದಲು ಪಾಸ್‌ಬುಕ್ ತೆಗೆದು ಹಣ ಬಂದ ದಿನ, ಹೋದ ದಿನ ಎರಡನ್ನೂ ನೋಡಿ. ಉತ್ತರ ಬಹುತೇಕ ಅಲ್ಲೇ ಬರೆದಿರುತ್ತದೆ.